ಸೀಸ ಹೋದರೂ ಉಳಿದ ‘ಲೆಡಿಂಗ್’

ಪಿಲ್ಲಗುಂಪೆಯಂಥ ಊರಿನಿಂದ ಹೊಸಕೋಟೆಗೆ ಡಿಟಿಪಿ ಕಲಿಯಲು ಬರುವವರಿಗೆ ‘ಲೆಡಿಂಗ್’ ಎಂದರೆ ಸಾಲುಗಳ ನಡುವಿನ ಅಂತರ ಎಂದಷ್ಟೇ ಹೇಳಿಬಿಡುತ್ತೇವೆ. ಅದು ಸೀಸದ ಹೆಸರು. ಅಚ್ಚುಮೊಳೆ ಜೋಡಿಸುವವರು ಸಾಲುಗಳ ಮಧ್ಯೆ ಸೀಸದ ಪಟ್ಟಿ ಇಡುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ, 1843ರ ‘ಮಂಗಳೂರ ಸಮಾಚಾರ’ಕ್ಕೆ ಈ ಗೊಡವೆ ಇರಲಿಲ್ಲ, ಅದು ಕಲ್ಲಚ್ಚಿನದು. ಮೊಳೆಯಲ್ಲಿ ಅಚ್ಚಾಗಲೆಂದು 1844ರಲ್ಲಿ ಬಳ್ಳಾರಿಗೆ ಹೋಯಿತು.

ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ಸ್ತ್ರೀ’ಗಂತೂ ಎರಡು ಒತ್ತು. ಪೇಜ್‌ಮೇಕರ್ ತಾನಾಗಿ ಕೊಡುತ್ತಿದ್ದ ಶೇ. 120ರ ಲೆಡಿಂಗ್, ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12, ಇಂಗ್ಲಿಷಿನ ಅಳತೆ. ಅದನ್ನೇ ಕನ್ನಡಕ್ಕೆ ಹಚ್ಚಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಪುಟ ಉಳಿಸಲೆಂದು ಹೀಗೆ ಬಿಗಿದದ್ದನ್ನು ಓದಬೇಕಾದವರು ಕಣ್ಣು ಮಂಜಾದ ಹಿರಿಯರು, ಅಕ್ಷರ ಕೂಡಿಸಿ ಓದುವ ಮಕ್ಕಳು.