ಕೀಬೋರ್ಡ್ ಚಪ್ಪಟೆ ಆದ ಕಥಿ

ನಮ್ಮ ಸತ್ಯನಾರಾಯಣಪೇಟ್ಯಾಗ ಈಗ ಮನಿಗೊಂದು ಲ್ಯಾಪ್‌ಟಾಪ್ ಐತಿ ಅಂದ್ರ ತಪ್ಪಲ್ಲ. ಮಕ್ಕಳ ಓದಿಗಂತ ಬಂದದ್ದು, ಆಮೇಲೆ ಸೊಸೆಯಂದಿರ ಕೈಗೆ ಬಂತು, ಈಗ ನಮ್ಮಂಥ ಅತ್ತೆಯರ ಕೈಗೂ ಬಂದೈತಿ. ಒಬ್ಬಾಕಿ ಜೀನ್ಸ್ ಹೊಲಿಸೋ ಯೂನಿಟ್ಟಿನ ಲೆಕ್ಕ ಬರೀತಾಳ, ಒಬ್ಬಾಕಿ ಟ್ಯೂಷನ್ ಮಕ್ಕಳಿಗೆ ಪ್ರಶ್ನೆಪತ್ರಿಕೆ ಮಾಡ್ತಾಳ, ಇನ್ನೊಬ್ಬಾಕಿ ಮಹಿಳಾ ಸಂಘದ ಮೀಟಿಂಗ್ ನಡಾವಳಿ ಟೈಪ್ ಮಾಡ್ತಾಳ. ಇವರೆಲ್ಲ ನನಗ ಕೇಳೋದು ಒಂದೇ ಮಾತು: "ಅಕ್ಕಾ, ಈ ಲ್ಯಾಪ್‌ಟಾಪಿನ ಚಪ್ಪಟೆ ಕೀಬೋರ್ಡೇ ಸಾಕೇನು, ಇಲ್ಲ ಹಳೇ ಕಂಪ್ಯೂಟರಿಗೆ ಇರ್ತಿತ್ತಲ್ಲ, ಎತ್ತರದ ಕೀ ಇರೋದು, ಅದನ್ನ ಬೇರೆ ತಗೋಬೇಕೇನು?" ಪಿಯುಸಿ ಆದ ಮ್ಯಾಲ ಟೈಪಿಂಗ್ ಜೂನಿಯರ್, ಸೀನಿಯರ್ ಎರಡೂ ಪಾಸ್ ಮಾಡಿದಾಕಿ ಅಂತ ನನ್ನ ಮ್ಯಾಲ ಅವರಿಗೆ ನಂಬಿಕಿ.

ಉತ್ತರ ಮೊದಲೇ ಹೇಳಿಬಿಡ್ತೀನಿ. ದಿನಾ ಕನ್ನಡ ಟೈಪ್ ಮಾಡೋರಾದ್ರ ಬೇರೆ ಕೀಬೋರ್ಡ್ ತಗೊಳ್ರಿ. ಯಾಕ ಅಂತ ಹೇಳಬೇಕಂದ್ರ ಮಾತ್ರ ನೂರೈವತ್ತು ವರ್ಷ ಹಿಂದಕ್ಕ ಹೋಗಬೇಕಾಗ್ತೈತಿ.

ಅಮೆರಿಕದ ಮಿಲ್ವಾಕಿ ಅನ್ನೋ ಊರಾಗ ಕ್ರಿಸ್ಟೋಫರ್ ಶೋಲ್ಸ್ ಅಂತ ಒಬ್ಬರು ಇದ್ದರು. ಅವರೂ ಅವರ ಜೊತೆಗಾರರೂ ಸೇರಿ ಮಾಡಿದ ಟೈಪ್‌ರೈಟರನ್ನ 1874ರಲ್ಲಿ ಮಾರಾಟಕ್ಕೆ ತಂದದ್ದು ರೆಮಿಂಗ್ಟನ್ ಕಂಪನಿ. ಆ ಕಂಪನಿ ಅದಕ್ಕೂ ಮುಂಚೆ ಮಾಡ್ತಿದ್ದದ್ದು ಬಂದೂಕು, ಹೊಲಿಗೆ ಮಷೀನು. ಹಂಗಾಗಿ ಮೊದಲನೇ ಟೈಪ್‌ರೈಟರ್ ನೋಡಿದ್ರ ನಮ್ಮ ಹೊಲಿಗೆ ಮಷೀನಿನ ತಂಗಿ ಅನ್ನಬೇಕು! ಕೆಳಗ ಅಂಥದ್ದೇ ಕಬ್ಬಿಣದ ಸ್ಟ್ಯಾಂಡು, ಕಾಲಿಗೆ ಪೆಡಲು, ಮೈಮ್ಯಾಲ ಬಣ್ಣದ ಹೂವಿನ ಚಿತ್ತಾರ. ಪೆಡಲು ತುಳಿದ್ರ ಕಾಗದ ಹೊಸ ಸಾಲಿಗೆ ಬರೋದು. ಶೋಲ್ಸ್ ಅವರ ಮಗಳು ಲಿಲಿಯನ್ ಆ ಮಷೀನಿನ ಮುಂದ ಕುಂತಿರೋ 1872ರ ಫೋಟೋ ಈಗಲೂ ಐತಿ. ಈ ಕಥಿಯ ಮೊದಲನೇ ಪುಟದಾಗೇ ಒಬ್ಬಾಕಿ ಹೆಣ್ಣುಮಗಳು ಕೀ ಮ್ಯಾಲ ಬೆರಳಿಟ್ಟುಕೊಂಡು ಕುಂತಾಳ ಅಂದ್ರ ನನಗ ಒಳಗೊಳಗ ಖುಷಿ.

ಆ ಮಷೀನಿನಾಗ ಇಂಗ್ಲಿಷಿನ ದೊಡ್ಡಕ್ಷರ ಮಾತ್ರ ಇದ್ವು. 1878ರಲ್ಲಿ ಬಂದ ರೆಮಿಂಗ್ಟನ್ ನಂಬರ್ 2ರಾಗ ಒಂದೇ ಕೀಗೆ ದೊಡ್ಡದು ಸಣ್ಣದು ಎರಡೂ ಅಕ್ಷರ ಬಂದ್ವು. ಒಂದು ಬೇರೆ ಕೀ ಒತ್ತಿದ್ರ ಕಾಗದ ಹಿಡಿದ ಉರುಳಿ ನಿಜವಾಗ್ಲೂ ಜರುಗೋದು, ಆವಾಗ ಎರಡನೇ ಅಕ್ಷರ ಬೀಳೋದು. ಅದಕ್ಕೇ ಅದರ ಹೆಸರು ಶಿಫ್ಟ್. ಇವತ್ತು ಲ್ಯಾಪ್‌ಟಾಪಿನಾಗ ಏನೂ ಜರುಗೋದಿಲ್ಲ, ಹೆಸರು ಮಾತ್ರ ಉಳಿದೈತಿ. ಇನ್ನೊಂದು ಗಮನಿಸ್ರಿ. ಕೀಗಳು ಒಂದರ ಕೆಳಗ ಒಂದು ನೆಟ್ಟಗಿಲ್ಲ, ಒಂದೊಂದು ಸಾಲೂ ಸ್ವಲ್ಪ ಸ್ವಲ್ಪ ಪಕ್ಕಕ್ಕ ಸರಿದೈತಿ. ಟೈಪ್‌ರೈಟರಿನ ಒಂದೊಂದು ಕೀಗೂ ಕೆಳಗ ಒಂದು ಉದ್ದನೆ ಕಡ್ಡಿ ಇತ್ತು, ಆ ಕಡ್ಡಿ ಹೋಗಾಕ ದಾರಿ ಬೇಕಿತ್ತು, ಅದಕ್ಕ ಆ ಓರೆ. ಕಡ್ಡಿ ಹೋದ್ವು, ಓರೆ ಹೋಗಲಿಲ್ಲ.

ಈಗ ನಮ್ಮೂರಿಗೆ ಬರೋಣ. ಬಳ್ಳಾರಿ ಮೈಸೂರು ರಾಜ್ಯಕ್ಕ ಸೇರಿದ್ದು 1953ರ ಅಕ್ಟೋಬರ್ 1ಕ್ಕ. ಅಲ್ಲೀತನಕ ನಾವು ಮದ್ರಾಸಿನೋರು, ಕಚೇರಿ ಕಾಗದ ಎಲ್ಲ ಇಂಗ್ಲಿಷಿನಾಗ. 1955ರಲ್ಲಿ ಗೋದ್ರೇಜ್ ಕಂಪನಿ ನಮ್ಮ ದೇಶದಾಗೇ ಟೈಪ್‌ರೈಟರ್ ಮಾಡಾಕ ಶುರು ಮಾಡಿತು. 1963ರಲ್ಲಿ ರಾಜಭಾಷಾ ಕಾಯ್ದೆ ಬಂತು, ಕಚೇರಿಗೆ ಕನ್ನಡ ಟೈಪಿಂಗ್ ಬೇಕಾಯ್ತು. ಕನ್ನಡ ಟೈಪ್‌ರೈಟರ್ ಅಂದ್ರ ನೆನೀಬೇಕಾದ ಹೆಸರು ಅನಂತಸುಬ್ಬರಾಯರದ್ದು. ಅದೆಂಥ ಕಷ್ಟದ ಕೆಲಸ ನೋಡ್ರಿ: ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದ್ರ ನಮ್ಮ ಅಕ್ಷರ ನೂರಾರು ಆಗ್ತಾವು. ಕೀ ಇರೋದು ನಲವತ್ತು ಚಿಲ್ಲರೆ. ಅದಕ್ಕ ಅಕ್ಷರಾನ ಒಡೆದು ತಲೆಕಟ್ಟು ಬೇರೆ, ಗುಡಿಸು ಬೇರೆ, ಒತ್ತು ಬೇರೆ ಮಾಡಿ ಕೀಗೆ ಹಂಚಿದರು. ಕೆಲವು ಕೀ ಹೊಡೆದ್ರ ಕಾಗದ ಮುಂದಕ್ಕ ಜರುಗೋದಿಲ್ಲ, ಇದ್ದಲ್ಲೇ ಇನ್ನೊಂದು ಚೂರು ಬಂದು ಕೂಡ್ಕೊಳ್ಳೋದು. ಗೋಡಂಬಿ ದ್ರಾಕ್ಷಿ ಮ್ಯಾಲಿಂದ ಹಾಕಿದ ಹಂಗ.

ನಾವು ಕಲಿಯೋ ಕಾಲಕ್ಕ ಟೈಪಿಂಗ್ ಅಂದ್ರ ಹೆಣ್ಣುಮಕ್ಕಳಿಗೆ ಒಂದು ಬಾಗಿಲು. ಡಿಗ್ರಿಗೆ ಕಳಿಸಾಕ ಮನಸಿಲ್ಲದ ಮನೆಯವರೂ "ಟೈಪಿಂಗಿಗೆ ಹೋಗಲಿ ಬಿಡು, ಒಂದು ತಾಸಿನ ಮಾತು" ಅಂತಿದ್ರು. ನನ್ನ ಜೊತೆಗಿದ್ದ ಎಷ್ಟೋ ಮಂದಿ ಆ ಒಂದು ತಾಸಿನಿಂದಲೇ ಕಚೇರಿ ಸೇರಿ ಈಗ ಪಿಂಚಣಿ ತಗೊಳ್ತಾರ. ಎಡಗೈಗೆ ಎ ಎಸ್ ಡಿ ಎಫ್, ಬಲಗೈಗೆ ಸೆಮಿಕೋಲನ್ ಎಲ್ ಕೆ ಜೆ, ವಾರಗಟ್ಟಲೆ ಅದೇ. ಆ ಮಷೀನಿಗೆ ಬೆರಳಿನ ಬಲವೇ ಕರೆಂಟು. ಕಿರುಬೆರಳಿನ ಅಕ್ಷರ ಮಬ್ಬಾಗಿ ಬಿದ್ದಿದ್ರ, ಅದರಾಗೂ ಮೂರನೇ ಕಾರ್ಬನ್ ಕಾಪಿಯೊಳಗ ಕಾಣದಂಗಾಗಿದ್ರ, ಮಾಸ್ತರು ಆ ಹಾಳಿ ತಿರುಗಿ ಕೊಡ್ತಿದ್ರು. ಹಂಗಾಗಿ ನಮ್ಮ ಬೆರಳಿಗೆ ಒಂದು ಅಭ್ಯಾಸ ಬಿತ್ತು: ಕೀ ಒತ್ತಿದ್ರ ಅದು ಕೆಳಗ ಇಳೀಬೇಕು, ಒಂದು ಸಪ್ಪಳ ಬರಬೇಕು, ಮತ್ತ ಬೆರಳನ್ನ ಮೇಲಕ್ಕ ದೂಡಬೇಕು.

ಕಂಪ್ಯೂಟರ್ ಬಂದಾಗ ಈ ಅಭ್ಯಾಸಾನ ಗೌರವಿಸಿದ ಕೀಬೋರ್ಡ್‌ಗಳೇ ಮೊದಲು ಬಂದ್ವು. ಐಬಿಎಂ ಕಂಪನಿಯ 1985ರ ಮಾಡೆಲ್ ಎಂ ಅನ್ನೋದು ಹೆಸರುವಾಸಿ. ಒಂದೊಂದು ಕೀ ಕೆಳಗೂ ಒಂದು ಸ್ಪ್ರಿಂಗ್, ಒತ್ತಿದ್ರ ಅದು ಬಾಗಿ ಟಕ್ ಅಂತಿತ್ತು. ನಮ್ಮ ಕಡೆ ಕಚೇರಿ, ಬ್ಯಾಂಕು, ಡಿಟಿಪಿ ಅಂಗಡಿಯೊಳಗ ಮೆರೆದದ್ದು ಟಿವಿಎಸ್ ಗೋಲ್ಡ್. ಅದೂ ಒಂದೊಂದು ಕೀಗೆ ಒಂದೊಂದು ಬೇರೆ ಸ್ವಿಚ್ ಇರೋದು, ಸಪ್ಪಳ ಬೀದಿಗೆ ಕೇಳೋದು. ಈಗಲೂ ಲಗ್ನಪತ್ರಿಕೆ ಮಾಡಿಸಾಕ ಹೋದಾಗ ಕಿವಿಗೊಟ್ಟು ಕೇಳ್ರಿ, ಹಳೇ ಡಿಟಿಪಿ ಮಾಡೋರು ಅದನ್ನ ಬಿಟ್ಟುಕೊಡಂಗಿಲ್ಲ. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತಲ್ಲ, ಅದನ್ನ ಕೀ ಮ್ಯಾಲೇ ಅಚ್ಚು ಹಾಕಿಸಿ "ಭಾರತ್" ಅಂತ ಹೆಸರಿಟ್ಟು ಅದನ್ನೂ ತಂದರು. ಆಮೇಲೆ ಬಂದ ಅಗ್ಗದವುಗಳಾಗ ಸ್ವಿಚ್ ಇಲ್ಲ. ಕೀ ಕೆಳಗ ರಬ್ಬರಿನ ಸಣ್ಣ ಬಟ್ಟಲು ಬೋರಲು ಹಾಕಿರ್ತಾರ, ಅದರ ಕೆಳಗ ಪ್ಲಾಸ್ಟಿಕ್ ಹಾಳಿ. ಅದರಾಗೂ ಕೀ ಮೂರೂವರೆ, ನಾಲ್ಕು ಮಿಲಿಮೀಟರ್ ಇಳೀತಾವು.

ಕನ್ನಡಕ್ಕ ಈ ಇಳಿಯೋದು ಏರೋದು ಯಾಕ ಮುಖ್ಯ ಅನ್ನೋದು ಕೆ.ಪಿ. ರಾವ್ ಅವರ ಜೋಡಣೆ ನೋಡಿದ್ರ ತಿಳೀತೈತಿ. ಮಂಗಳೂರಿನ ಕಡೆ ಕಿನ್ನಿಕಂಬಳದ ಪದ್ಮನಾಭ ರಾಯರು ಇವರು. ಇಂಗ್ಲಿಷಿನ ಇಪ್ಪತ್ತಾರೇ ಕೀಗಳೊಳಗ ಇಡೀ ಕನ್ನಡ ಕೂಡಿಸಿದರು. ನುಡಿ ತಂತ್ರಾಂಶದಾಗ ಇರೋದು, ಸರ್ಕಾರ ಒಪ್ಪಿದ್ದು ಅದನ್ನೇ ಆಧಾರ ಮಾಡಿದ ಜೋಡಣೆ. ಕ ಮತ್ತ ಖ ಒಂದೇ ಕೀ, ಶಿಫ್ಟ್ ಹಿಡಿದ್ರ ಮಹಾಪ್ರಾಣ. ಲ, ಳ ಒಂದೇ ಕೀ. ನ, ಣ ಒಂದೇ ಕೀ. ಒತ್ತಕ್ಷರ ಬೇಕಂದ್ರ ನಡುವೆ ಎಫ್. ಎಡಗೈ ತೋರುಬೆರಳಿನ ಕೆಳಗ ಕಣ್ಣುಮುಚ್ಚಿ ಮುಟ್ಟಿದ್ರೂ ಗೊತ್ತಾಗೋ ಹಂಗ ಒಂದು ಸಣ್ಣ ಗೀಟು ಉಬ್ಬಿರ್ತೈತಲ್ಲ, ಅದೇ ಕೀ. ಕನ್ನಡದಾಗ ಒತ್ತು ಎಷ್ಟು ಸಲ ಬರ್ತಾವು ಅಂತ ಬಲ್ಲವರೇ ಅದನ್ನ ಅಲ್ಲಿ ಇಡಬೇಕು.

ಈಗ ಲೆಕ್ಕ ಮಾಡ್ರಿ. ಸತ್ಯನಾರಾಯಣಪೇಟೆ ಅಂತ ಇಂಗ್ಲಿಷಿನಾಗ ಬರೆದ್ರ ಹದಿನೇಳು ಕೀ, ಶಿಫ್ಟ್ ಒಂದೇ ಸಲ. ನುಡಿಯೊಳಗ ಕನ್ನಡದಾಗ ಬರೆದ್ರ ಹದಿನಾಲ್ಕೇ ಕೀ, ಆದ್ರ ಶಿಫ್ಟ್ ನಾಲ್ಕು ಸಲ: ಎರಡು ದೀರ್ಘಕ್ಕ, ಒಂದು ಣಕ್ಕ, ಒಂದು ಪೇಗೆ. ಬಳ್ಳಾರಿ ಎರಡರಾಗೂ ಏಳೇ ಕೀ, ಇಂಗ್ಲಿಷಿಗೆ ಒಂದು ಶಿಫ್ಟು, ಕನ್ನಡಕ್ಕ ಮೂರು. ಅಂದ್ರ ಕನ್ನಡ ಬಡಿಯೋ ಕೈಗೆ ಒತ್ತೋದು ಕಡಿಮಿ, ಹಿಡಿದು ಬಿಡೋದು ಜಾಸ್ತಿ. ಆ ಹಿಡಿದು ಬಿಡೋ ಕೆಲಸ ಎಲ್ಲಾ ಬೀಳೋದು ಪಾಪ ಕಿರುಬೆರಳಿಗೆ.

ಚಪ್ಪಟೆ ಕೀಬೋರ್ಡ್ ಸೋಲೋದು ಇಲ್ಲೇ. ಹಾಲು ಅಂತ ಬರೀಬೇಕು. ದೀರ್ಘಕ್ಕ ಶಿಫ್ಟ್ ಹಿಡೀತೀರಿ, ಲ ಬರೋದರೊಳಗ ಬಿಡಬೇಕು. ಕೀ ಒಂದು ಮಿಲಿಮೀಟರೋ ಒಂದೂವರೆಯೋ ಇಳೀತೈತಿ ಅಷ್ಟೇ, ಬಿಟ್ಟೆನೋ ಇಲ್ಲೋ ಅಂತ ಬೆರಳಿಗೆ ತಿಳಿಯೋದಿಲ್ಲ. ಪರದೆ ಮ್ಯಾಲ ಎರಡು ಲೋಟ ಹಾಲು ಇರಬೇಕಾದಲ್ಲಿ ಎರಡು ಲೋಟ ಹಾಳು! ಹಾಲೂ ಸರಿಯಾದ ಪದ, ಹಾಳೂ ಸರಿಯಾದ ಪದ, ಹಂಗಾಗಿ ಕಂಪ್ಯೂಟರು ತಪ್ಪು ಅಂತ ಕೆಂಪು ಗೀಟೂ ಎಳೆಯೋದಿಲ್ಲ. ಅಡುಗೆ ಬರಹದಾಗ ನಕ್ಕು ಬಿಡಬಹುದು. ಕ್ರಯಪತ್ರದಾಗ ಊರಿನ ಹೆಸರೋ, ತಂದೆ ಹೆಸರೋ ಹಿಂಗಾದ್ರ ತಿದ್ದುಪಡಿಗೆ ಮತ್ತ ಛಾಪಾ ಕಾಗದ, ಮತ್ತ ಅಲೆದಾಟ. ರಿಜಿಸ್ಟ್ರಿ ಮಾಡಿಸಿದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಂಗಾದ್ರ ಇದನ್ನ ಚಪ್ಪಟೆ ಯಾಕ ಮಾಡಿದರು? ಎರಡು ಕಾರಣ. ಒಂದು ಒಳ್ಳೇದೇ. ಹಳೇ ಕೀಬೋರ್ಡ್ ಬಾಳ ದಪ್ಪ ಇದ್ದು ಮಣಿಕಟ್ಟು ಹಿಂದಕ್ಕ ಬಾಗ್ತಿತ್ತು. 1980ರ ದಶಕದಾಗ ಜರ್ಮನಿಯವರು ಕೀಬೋರ್ಡಿನ ನಡು ಸಾಲು ಟೇಬಲ್ಲಿನಿಂದ 30 ಮಿಲಿಮೀಟರಿಗಿಂತ ಎತ್ತರ ಇರಬಾರದು ಅಂತ ಕಟ್ಟಳೆ ಮಾಡಿದರು. ಕೆಲಸ ಮಾಡೋರ ಕೈ ಉಳಿಯಲಿ ಅಂತ ಮಾಡಿದ್ದು. ಹಲಗಿ ತೆಳ್ಳಗಾಯ್ತು, ಕೀ ಇಳಿಯೋದು ಕಡಿಮಿ ಆಗಲಿಲ್ಲ. ಎರಡನೇ ಕಾರಣ ಲ್ಯಾಪ್‌ಟಾಪು. ಅದನ್ನ ಪುಸ್ತಕದ ಹಂಗ ಮುಚ್ಚಬೇಕು, ಮುಚ್ಚಿದಾಗ ಪರದೆಗೆ ಕೀ ತಾಗಬಾರದು. ವರ್ಷ ವರ್ಷಕ್ಕ ಲ್ಯಾಪ್‌ಟಾಪ್ ತೆಳ್ಳಗಾದಂಗ ಕೀ ಇಳಿಯೋ ಜಾಗಾನೂ ತಿಂದುಹಾಕಿದರು. ಕೀ ಕೆಳಗ ಕತ್ತರಿ ಹಂಗ ಎರಡು ಪ್ಲಾಸ್ಟಿಕ್ ಚೂರು ಅಡ್ಡಡ್ಡ ಜೋಡಿಸಿ, ಅಷ್ಟರಾಗೇ ಏರಿಳಿಯೋ ಹಂಗ ಮಾಡಿದರು. ಅದನ್ನೂ ಇನ್ನೂ ತೆಳ್ಳಗ ಮಾಡಾಕ ಹೋಗಿ ಆಪಲ್ ಕಂಪನಿ 2015ರಲ್ಲಿ ಚಿಟ್ಟೆ ರೆಕ್ಕಿ ಹಂಗ ಇರೋ ಕೀ ತಂತು. ಒಂದು ಧೂಳಿನ ಕಣ ಸೇರಿದ್ರ ಕೀ ಹಿಡಕೊಳ್ಳೋದು, ಇಲ್ಲ ಒಂದೇ ಅಕ್ಷರ ಎರಡು ಸಲ ಬೀಳೋದು. 2019ರಿಂದ ಅವರೂ ಅದನ್ನ ಬಿಡುತ್ತಾ ಮತ್ತ ಕತ್ತರಿಗೇ ಬಂದರು. 2022ರಲ್ಲಿ ಆ ಕೀಬೋರ್ಡಿನ ದಾವೆ ಮುಗಿಸಾಕ 5 ಕೋಟಿ ಡಾಲರ್ ಕೊಡಾಕ ಒಪ್ಪಿದರು. ಅಮೆರಿಕದ ಧೂಳಿಗೇ ಹಂಗಾದ್ರ ನಮ್ಮ ಬಳ್ಳಾರಿ ಧೂಳಿಗೆ ಏನಾಗಬೇಕು ನೀವೇ ಹೇಳ್ರಿ.

ಧೂಳಿನ ಮಾತು ಬಂತು ಅಂತ ಹೇಳ್ತೀನಿ. ಬೇರೆ ಕೀಬೋರ್ಡಾದ್ರ ಬೋರಲು ಹಾಕಿ ತಟ್ಟಬಹುದು, ಸ್ವಿಚ್ ಇರೋದರಾಗ ಕೀ ಟೊಪ್ಪಿಗಿ ಕಿತ್ತು ಸೋಪಿನ ನೀರಾಗ ತೊಳೆದು ಒಣಗಿಸಿ ಹಾಕಬಹುದು, ಬೋಗುಣಿ ತೊಳೆದಂಗ. ಲ್ಯಾಪ್‌ಟಾಪಿನ ಕೀ ಕೀಳಾಕ ಹೋಗಬ್ಯಾಡ್ರಿ, ಕೆಳಗಿನ ಕತ್ತರಿ ಮುರೀತೈತಿ. ಎಷ್ಟೋ ಲ್ಯಾಪ್‌ಟಾಪಿನಾಗ ಕೀಬೋರ್ಡನ್ನ ಮೇಲಿನ ಕವಚಕ್ಕೇ ಕೂಡಿಸಿಬಿಟ್ಟಿರ್ತಾರ, ಚಾ ಚೆಲ್ಲಿದ್ರ ಇಡೀ ಕವಚ ಬದಲಾಯಿಸಬೇಕು. ಬ್ಯಾಸಗಿಯೊಳಗ ಇನ್ನೊಂದು ಕಾಟ: ಲ್ಯಾಪ್‌ಟಾಪಿನ ಬಿಸಿ ಆಗೋ ಭಾಗ ಇರೋದೇ ಕೀ ಕೆಳಗ. ಏಪ್ರಿಲ್ ಮೇ ಮಧ್ಯಾಹ್ನ ಅದರ ಮ್ಯಾಲ ಕೈ ಇಟ್ಟರ ರೊಟ್ಟಿ ಹಂಚು ನೆನಪಾಗ್ತೈತಿ.

ಲೆಕ್ಕ ಬರೆಯೋರಿಗೆ ಬಲಗಡೆ ಅಂಕಿಗಳ ಗುಂಪು ಬೇಕೇ ಬೇಕು. ಸಣ್ಣ ಲ್ಯಾಪ್‌ಟಾಪಿನಾಗ ಅದೇ ಇರೋದಿಲ್ಲ.

ಚಪ್ಪಟೆದಕ್ಕ ಅದರದ್ದೇ ಆದ ಗುಣ ಇಲ್ಲ ಅಂತಲ್ಲ. ಸಪ್ಪಳ ಇಲ್ಲ, ಕೂಸು ಮಲಗಿದಾಗ ಬಾಜೂಕ ಕುಂತು ಬಡೀಬಹುದು. ಮೆತ್ತಗ ಒತ್ತಿದ್ರ ಸಾಕು, ಬೆರಳು ಸಂದು ನೋಯೋರಿಗೆ ಅದೇ ಹಿತ. ಇಂಗ್ಲಿಷ್ ಬಡಿಯೋ ಹುಡುಗರು ಅದರಾಗೇ ಕಲಿತು ಅದರಾಗೇ ಓಡ್ತಾರ. ಕೀಗಳ ನಡುವಿನ ಅಂತರಾನೂ ಎರಡರಾಗ ಹೆಚ್ಚುಕಡಿಮಿ ಒಂದೇ, ಸುಮಾರು 19 ಮಿಲಿಮೀಟರು. ಆದ್ರ ಲ್ಯಾಪ್‌ಟಾಪಿನಾಗ ಪರದೆ ಕೀಬೋರ್ಡಿಗೆ ಅಂಟಿಕೊಂಡಿರ್ತೈತಿ. ಕೈಗೆ ಸರಿ ಅಂತ ಕೆಳಗ ಇಟ್ರ ಕತ್ತು ಬಗ್ಗತೈತಿ, ಕತ್ತಿಗೆ ಸರಿ ಅಂತ ಮ್ಯಾಲ ಇಟ್ರ ಭುಜ ಏರ್ತೈತಿ. ಟೈಪ್ ಮಾಡಿ ಮಾಡಿ ಕತ್ತು ಹಿಡೀತು ಅನ್ನೋರ ಮನಿಗೆ ಹೋಗಿ ನೋಡ್ರಿ, ಲ್ಯಾಪ್‌ಟಾಪ್ ದಿವಾನದ ಮ್ಯಾಲ, ಅವರು ಅದರ ಮುಂದ ಚಕ್ಕಳಮಕ್ಕಳ.

ಸಾದಾ ಯುಎಸ್‌ಬಿ ಕೀಬೋರ್ಡ್ ಸಾವಿರ ರೂಪಾಯಿಯೊಳಗ ಸಿಗತೈತಿ, ಒಂದು ಸೀರಿ ಫಾಲ್ ಪಿಕೋ ಮಾಡಿಸಿ ಬ್ಲೌಸ್ ಹೊಲಿಸಿದ ಖರ್ಚೂ ಆಗೋದಿಲ್ಲ. ದಿನಾ ಎರಡು ಮೂರು ತಾಸು ಬಡಿಯೋರಾದ್ರ ಸ್ವಿಚ್ ಇರೋದು ತಗೊಳ್ರಿ, ಬೆಲಿ ಜಾಸ್ತಿ, ಬಾಳಿಕಿಯೂ ಜಾಸ್ತಿ. ಅಂಗಡಿಯೊಳಗ ಡಬ್ಬಿ ಬಿಚ್ಚಿಸಿ ಎರಡೂ ಕಡೆ ಶಿಫ್ಟ್ ಕೀಯನ್ನ ಕಿರುಬೆರಳಿಂದ ಒತ್ತಿ ನೋಡ್ರಿ, ಗಟ್ಟಿ ಅನ್ನಿಸಿದ್ರ ಬ್ಯಾಡ. ಮನಿಗೆ ತಂದ ಮ್ಯಾಲ ಲ್ಯಾಪ್‌ಟಾಪಿನ ಕೆಳಗ ಎರಡು ದಪ್ಪ ಪುಸ್ತಕ ಇಟ್ಟು ಪರದೆ ಕಣ್ಣಿನ ಮಟ್ಟಕ್ಕ ತಂದು, ಕೀಬೋರ್ಡ್ ಮೊಣಕೈ ಮಟ್ಟಕ್ಕ ಇಟ್ಕೊಳ್ರಿ. ಹಿಂದಗಡೆ ಎರಡು ಸಣ್ಣ ಕಾಲು ಇರ್ತಾವಲ್ಲ, ಎಲ್ಲರೂ ಅವನ್ನ ನಿಲ್ಲಿಸ್ತಾರ. ಮಡಚಿ ಇಡ್ರಿ, ಮಣಿಕಟ್ಟು ನೆಟ್ಟಗ ಉಳೀತೈತಿ.