ಆನೆಹೇನು

ಆನೆಹೇನು: ಆನೆಯ ಚರ್ಮದ ಮೇಲೆ ಬಾಳುವ, ರೆಕ್ಕೆಯಿಲ್ಲದ ಪರೋಪಜೀವಿ ಕೀಟ. ವೈಜ್ಞಾನಿಕ ನಾಮ ಹೆಮಟೊಮೈಜಸ್ ಎಲಿಫಾಂಟಿಸ್. 1869ರಲ್ಲಿ ಪಿಯಾಜೆ ಇದನ್ನು ಮೊದಲು ವಿವರಿಸಿದ. ಏಷ್ಯಾದ ಆನೆ, ಆಫ್ರಿಕಾದ ಆನೆ ಎರಡರ ಮೇಲೂ ಇದೇ ಪ್ರಭೇದ ಕಾಣುತ್ತದೆ. ಹುಟ್ಟಿನಿಂದ ಸಾವಿನವರೆಗೆ ಅದರ ಬದುಕೆಲ್ಲ ಆನೆಯ ಮೈಮೇಲೆಯೇ. ಮೈಗೆ ಮೈ ತಾಗಿದಾಗ ಒಂದು ಆನೆಯಿಂದ ಇನ್ನೊಂದಕ್ಕೆ ದಾಟುತ್ತದೆ.

ಗುರುತು ಹಿಡಿಯಲು ಮೂತಿಯೊಂದೇ ಸಾಕು. ತಲೆಯ ಮುಂಭಾಗ ಉದ್ದನೆಯ ಕೊಳವೆಯಾಗಿ ಚಾಚಿದ್ದು, ದವಡೆಗಳು ಅದರ ತುದಿಯಲ್ಲಿವೆ. ಅವುಗಳ ಹಲ್ಲು ಒಳಮುಖವಾಗಿರದೆ ಹೊರಕ್ಕೆ ತಿರುಗಿರುವುದೇ ವಿಶೇಷ: ಕೀಟ ಕಚ್ಚುವುದಿಲ್ಲ, ಬೈರಿಗೆಯಂತೆ ಚರ್ಮ ಕೊರೆದು ರಕ್ತ ಹೀರುತ್ತದೆ. ಅಷ್ಟು ದಪ್ಪ ಚರ್ಮಕ್ಕೆ ಇದಕ್ಕಿಂತ ತಕ್ಕ ಸಲಕರಣೆ ಬೇರೆ ಇರಲಾರದು. ಬೇರೆ ಕುಲಗಳ ಹೇನುಗಳಲ್ಲಿ ಇಂಥ ಮೂತಿಯಿಲ್ಲ. ದನ, ಎಮ್ಮೆ, ಹಂದಿಗಳ ರಕ್ತ ಹೀರುವ ಹೇನುಗಳಿಗೆ ತಲೆ ಎದೆಗಿಂತ ಕಿರಿದು. ಅಗಿಯುವ ಹೇನುಗಳಿಗೆ ಎದೆಗಿಂತ ಅಗಲ. ಎಂಟು ಕಾಲಿದ್ದರೆ ಅದು ಹೇನೇ ಅಲ್ಲ, ಉಣುಗು ಅಥವಾ ನುಸಿ.

ಇದೇ ಕುಲದ ಇನ್ನೆರಡು ಪ್ರಭೇದಗಳು ಆಫ್ರಿಕಾದ ಹಂದಿಗಳಲ್ಲಿವೆ: ವಾರ್ಟ್‌ಹಾಗ್ ಮೇಲೆ ಹಾಪ್ಕಿನ್ಸಿ, ಪೊದೆಹಂದಿಯ ಮೇಲೆ ಪೋರ್ಸಿ. ವಾರ್ಟ್‌ಹಾಗ್ ಮೈಮೇಲೆ ಹೆಮಟೊಪೈನಸ್ ಕುಲದ ಸಾಮಾನ್ಯ ಹೀರುಹೇನೂ ಇರುತ್ತದೆ. ಹೇನು ಯಾವ ಪ್ರಾಣಿಯದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ ಎನ್ನುವ ಮೃಗಾಲಯದ ವೈದ್ಯರು ವಾರ್ಟ್‌ಹಾಗ್ ವಿಷಯದಲ್ಲಿ ಎಚ್ಚರದಿಂದಿರಬೇಕು. ಬೇರೆ ಬೇರೆ ಪ್ರಾಣಿಗಳು ಅಕ್ಕಪಕ್ಕದಲ್ಲಿರುವ ಕಡೆ ದಾರಿತಪ್ಪಿ ಬಂದ ಹೇನೂ ಸಿಗಬಹುದು.

ಹುಡುಕಬೇಕಾದ ಜಾಗ ಕಿವಿಯ ಹಿಂಬದಿ, ಕಂಕುಳು, ತೊಡೆಸಂದು, ಬಾಲದ ಬುಡ. ಕೀಟ ಕೆಲವೇ ಮಿಲಿಮೀಟರ್ ಉದ್ದವಿದ್ದು ಚರ್ಮದ ಸುಕ್ಕಿನಲ್ಲಿ ಅಡಗಿರುವುದರಿಂದ ಬರಿಗಣ್ಣಿಗೆ ಸುಲಭವಾಗಿ ಬೀಳದು. ಕೂದಲಿಗೆ ಅಂಟಿದ ಸೀರುಗಳನ್ನೂ ನೋಡಬೇಕು. ಆನೆ ಪದೇಪದೇ ಮರಕ್ಕೋ ಗೋಡೆಗೋ ಮೈ ಉಜ್ಜುತ್ತಿದ್ದರೆ, ಚರ್ಮದಲ್ಲಿ ಹಕ್ಕಳೆ ಕಟ್ಟಿದ್ದರೆ ಸಂಶಯಪಡಬಹುದು. ದುಬಾರೆ, ಸಕ್ರೆಬೈಲಿನಂಥ ಬಿಡಾರಗಳಲ್ಲಿ ಮಾವುತರೂ ಕಾವಾಡಿಗಳೂ ಆನೆಯನ್ನು ಹೊಳೆಯಲ್ಲಿ ಮಲಗಿಸಿ ಮೈ ತಿಕ್ಕುವ ಹೊತ್ತು ಇಂಥ ತಪಾಸಣೆಗೆ ಒಳ್ಳೆಯದು.

ಸಿಕ್ಕ ಹೇನನ್ನು ಹಿಸುಕದೆ ಶೇ. 70ರ ಆಲ್ಕೊಹಾಲಿನಲ್ಲಿ ಹಾಕಿ, ಪ್ರಾಣಿ, ಸ್ಥಳ, ದಿನಾಂಕದ ಚೀಟಿ ಸೇರಿಸಬೇಕು. ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ತಿಳಿಗೊಳಿಸಿ ಸ್ಲೈಡಿನ ಮೇಲೆ ಕೂಡಿಸುತ್ತಾರೆ. ಚಿಕಿತ್ಸೆಗೆ ಐವರ್‌ಮೆಕ್ಟಿನ್ ಬಳಕೆಯಲ್ಲಿದೆ. ಒಂದೇ ಆನೆಗೆ ಕೊಟ್ಟು ಜೊತೆಯವನ್ನು ಬಿಟ್ಟರೆ ಹೇನು ಮತ್ತೆ ಹತ್ತುತ್ತದೆ.