ಜೋಜಿಲಾದ ದಾರಿ

ಹಲಸೂರು ಕೆರೆಯ ದಂಡೆಯಲ್ಲಿ ಸಂಜೆ ತಿರುಗಾಡಿದ ಬೆಂಗಳೂರಿನವರಿಗೆ ಹತ್ತಿರದಲ್ಲೇ ಇರುವ ಮದ್ರಾಸ್ ಸ್ಯಾಪರ್ಸ್ ಕೇಂದ್ರದ ಹೊರಗಿನ ಪರಿಚಯ ಇದ್ದೇ ಇರುತ್ತದೆ. ಉದ್ದನೆಯ ಗೋಡೆ, ಬಾಗಿಲಲ್ಲಿ ಕಾವಲು, ಒಮ್ಮೊಮ್ಮೆ ಒಳಗಿನಿಂದ ತೇಲಿಬರುವ ಕಹಳೆಯ ದನಿ. ನನ್ನ ತಿಳಿವಳಿಕೆಯೂ ಬಹುಕಾಲ ಆ ಗೋಡೆಯ ಈಚೆಗೇ ನಿಂತಿತ್ತು. ಸೈನ್ಯವೆಂದರೆ ಕಾದುವವರು ಎಂದಷ್ಟೇ ತಿಳಿದ ನಮಗೆ, ಹಾರೆ, ಗುದ್ದಲಿ, ಸಿಡಿಮದ್ದುಗಳನ್ನು ಹೊತ್ತು ಉಳಿದವರಿಗಿಂತ ಮುಂದೆ ಹೋಗಿ ದಾರಿ ಮಾಡಿಕೊಡುವ ಈ ಜನರ ನೆನಪು ಬರುವುದು ಕಡಮೆ. 1948ರ ಶರತ್ಕಾಲದಲ್ಲಿ ಇವರು ಕಾಶ್ಮೀರದಲ್ಲಿ ಮಾಡಿದ ಒಂದು ದಾರಿಯ ಕಥೆಯನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಆ ದಾರಿಯಲ್ಲಿ ನಾನೂ ಒಮ್ಮೆ ಹೋಗಿದ್ದೇನೆ. ಶ್ರೀನಗರದಿಂದ ಸಿಂಧ್ ಎಂಬ ಹೊಳೆಯ ಪಕ್ಕದಲ್ಲಿ ಏರುತ್ತ ಹೋದರೆ ಸೋನಮಾರ್ಗ ಸಿಗುತ್ತದೆ. (ಇದು ನಾವು ಪಾಠಗಳಲ್ಲಿ ಓದಿದ ಸಿಂಧೂನದಿಯಲ್ಲ, ಹೆಸರಿನ ಸಾಮ್ಯವಷ್ಟೆ.) ಅದರಾಚೆ ಬಾಲ್ತಾಲ್. ಅಲ್ಲಿಗೆ ಮರಗಳ ಹಸುರು ಮುಗಿದು, ಎದುರಿಗೆ ಬೆಟ್ಟವೊಂದು ಗೋಡೆಯಂತೆ ಎದ್ದು ನಿಲ್ಲುತ್ತದೆ. ಲಡಾಖಿನವರ ಮಾತಿನಲ್ಲಿ 'ಲಾ' ಎಂದರೆ ಬೆಟ್ಟಗಳ ನಡುವಣ ಘಾಟಿ. ಜೋಜಿಲಾದ ಎತ್ತರ 11,500 ಅಡಿಗೂ ಮೇಲೆ. ನಮ್ಮ ಬಸ್ಸು ಆ ಗೋಡೆಯ ಮೈಮೇಲೆ ತೆವಳುತ್ತ ಏರುವಾಗ ಕಿಟಕಿಯಿಂದ ಕೆಳಗೆ ನೋಡುವ ಧೈರ್ಯವನ್ನು ನಾನು ಮಾಡಿದ್ದು ಒಂದೇ ಸಲ. ಬಾಲ್ತಾಲಿನ ಡೇರೆಗಳು ಯಾರೋ ಚೆಲ್ಲಿದ ಅಕ್ಕಿಯಂತೆ ಕಂಡವು. 1948ರಲ್ಲಿ ಇಲ್ಲಿ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ ಮಾತ್ರ.

ಆ ಯುದ್ಧದ ಆರಂಭ ಎಲ್ಲರಿಗೂ ತಿಳಿದದ್ದೇ. 1947ರ ಅಕ್ಟೋಬರ್ 22ರಂದು ಪಾಕಿಸ್ತಾನದ ಕಡೆಯಿಂದ ಬುಡಕಟ್ಟಿನ ಪಡೆಗಳು ಕಾಶ್ಮೀರದೊಳಕ್ಕೆ ನುಗ್ಗಿದವು; 26ರಂದು ಮಹಾರಾಜ ಹರಿಸಿಂಗರು ಭಾರತದೊಡನೆ ವಿಲೀನಪತ್ರಕ್ಕೆ ಸಹಿ ಮಾಡಿದರು; ಮರುದಿನವೇ ನಮ್ಮ ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಬಂದಿಳಿದರು. ಶ್ರೀನಗರ ಉಳಿಯಿತು. ಉತ್ತರದ ಗಿಲ್ಗಿತ್ ಕೈಬಿಟ್ಟುಹೋಯಿತು. ಅಲ್ಲಿಂದ ಹೊರಟ ಶತ್ರುಪಡೆ ಬೆಟ್ಟಗಳ ನಡುವೆ ಇಳಿದು ಬಂದು, 1948ರಲ್ಲಿ ಕಾರ್ಗಿಲ್, ದ್ರಾಸ್‌ಗಳನ್ನು ಹಿಡಿದು ಜೋಜಿಲಾದ ಮೇಲೆ ಕುಳಿತಿತು. ಲೇಹ್ ಪಟ್ಟಣಕ್ಕೆ ಶ್ರೀನಗರದಿಂದ ಹೋಗುವ ದಾರಿ ಮುಚ್ಚಿತು.

ಲೇಹ್ ಹೇಗೋ ಉಸಿರು ಹಿಡಿದುಕೊಂಡಿತು. ಸೋನಂ ನೊರ್ಬು ಎಂಬ ಲಡಾಖಿನ ಎಂಜಿನಿಯರು ಊರ ಜನರನ್ನು ಕೂಡಿಸಿ ವಿಮಾನ ಇಳಿಯುವಷ್ಟು ನೆಲವನ್ನು ಸಮಮಾಡಿಸಿದ್ದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನವನ್ನು ಇಳಿಸಿದರು. ಆ ವಿಮಾನದಲ್ಲಿ ಇದ್ದವರು ಜನರಲ್ ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಕಾಶ್ಮೀರ ಕಣಿವೆಯ ಸೇನೆಯ ಹೊಣೆ ಹೊತ್ತಿದ್ದರು. ಅವರ ಮೇಲಧಿಕಾರಿಯಾಗಿ ಪಶ್ಚಿಮದ ಸೇನೆಯನ್ನು ನಡೆಸುತ್ತಿದ್ದ ಕಾರ್ಯಪ್ಪನವರೂ ಕೊಡಗಿನವರೇ.

ಸ್ಕರ್ದುವಿಗೆ ಅಂಥ ಅದೃಷ್ಟವಿರಲಿಲ್ಲ. ಕಾರ್ಗಿಲ್‌ನಿಂದ ಉತ್ತರಕ್ಕೆ, ಸಿಂಧೂನದಿಯ ದಂಡೆಯ ಮೇಲಿರುವ ಆ ಊರಿನ ಕೋಟೆಯಲ್ಲಿ ಶೇರ್ ಜಂಗ್ ಥಾಪಾ ಎಂಬ ಅಧಿಕಾರಿ ಕಾಶ್ಮೀರ ಸಂಸ್ಥಾನದ ಚಿಕ್ಕದೊಂದು ಸೇನೆಯನ್ನೂ ಆಶ್ರಯ ಬೇಡಿ ಬಂದ ಸಂಸಾರಗಳನ್ನೂ ಇಟ್ಟುಕೊಂಡು ಫೆಬ್ರವರಿಯಿಂದ ಮುತ್ತಿಗೆಯನ್ನು ತಡೆದರು. ನೆರವಿಗೆ ಹೊರಟ ತುಕಡಿಗಳು ದಾರಿಯಲ್ಲೇ ಪೆಟ್ಟು ತಿಂದು ಹಿಂದಿರುಗಿದವು. ಆಕಾಶದಿಂದ ಎಸೆದ ಮದ್ದುಗುಂಡು, ಆಹಾರ ಸಾಲದೇ ಹೋಯಿತು. ಆರು ತಿಂಗಳು ತಡೆದು, ಗುಂಡು ಮುಗಿದು, ಆಗಸ್ಟ್ 14ರಂದು ಥಾಪಾ ಶರಣಾದರು. ಸೆರೆಸಿಕ್ಕವರಲ್ಲಿ ಬಹುಮಂದಿ ಕೊಲೆಯಾದರು. ಥಾಪಾ ಬದುಕಿ ಬಂದರು. ಗೆದ್ದ ಕಾಳಗಗಳ ಪಟ್ಟಿಯಲ್ಲಿ ಈ ಆರು ತಿಂಗಳು ಸೇರುವುದಿಲ್ಲವೆಂದು ನಮ್ಮ ಪಠ್ಯಪುಸ್ತಕಗಳು ಅದನ್ನು ಬಿಟ್ಟಿವೆಯೋ ಏನೋ. ಇತಿಹಾಸ ಕಲಿಸಿದ ನನ್ನ ವರ್ಷಗಳಲ್ಲಿ ನಾನೂ ಅದನ್ನು ತರಗತಿಯಲ್ಲಿ ಹೇಳಿದವನಲ್ಲ. ಹೇಳಲು ತಿಳಿದೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಜೋಜಿಲಾದ ಮೇಲೆ ನಮ್ಮ ಪದಾತಿಗಳು ಮಾಡಿದ ದಾಳಿಗಳು ಮುರಿದುಬಿದ್ದವು. ಬಂಡೆಗಳ ಗವಿಗಳಲ್ಲಿ ಮೆಷಿನ್‌ಗನ್ ಹೂಡಿ ಕುಳಿತವನನ್ನು ಕೆಳಗಿನಿಂದ ಏರಿ ಬರುವವನು ಮುಟ್ಟುವುದೆಂತು? ಹಿಮ ಬೀಳುವ ಕಾಲ ಹತ್ತಿರವಾಗಿತ್ತು. ಹಿಮ ಬಿದ್ದು ಘಾಟಿ ಮುಚ್ಚಿದರೆ ಬೇಸಗೆಯ ತನಕ ಲೇಹ್‌ಗೆ ನೆಲದ ಮೇಲಿನ ನೆರವಿಲ್ಲ. ಸ್ಕರ್ದುವಿಗೆ ಆದದ್ದು ಲೇಹ್‌ಗೂ ಆಗಬಹುದಿತ್ತು. ಆಗ ತಿಮ್ಮಯ್ಯನವರು ಟ್ಯಾಂಕುಗಳನ್ನು ಮೇಲಕ್ಕೆ ಒಯ್ಯುವ ನಿರ್ಧಾರ ಮಾಡಿದರು. ಆ ಎತ್ತರದಲ್ಲಿ ಅದುವರೆಗೆ ಯಾವ ದೇಶದ ಯುದ್ಧದಲ್ಲೂ ಟ್ಯಾಂಕು ಕಾದಿರಲಿಲ್ಲ.

ನಿರ್ಧಾರ ಮಾಡಿದವರ ಹೆಸರು ಉಳಿಯುತ್ತದೆ, ಉಳಿಯಬೇಕಾದದ್ದೇ. ಆದರೆ ಸುಮಾರು 15 ಟನ್ ತೂಕದ ಯಂತ್ರ ಹೇಸರಗತ್ತೆಯ ಕಾಲುದಾರಿಯಲ್ಲಿ ನಡೆಯಲಾರದಷ್ಟೆ. ಬಾಲ್ತಾಲಿನಿಂದ ಮೇಲಕ್ಕೆ ದಾರಿಯನ್ನು ಅಗಲಿಸುವ ಕೆಲಸ ಮೇಜರ್ ತಂಗರಾಜು ಅವರ ಕೈಕೆಳಗಿನ ಮದ್ರಾಸ್ ಸ್ಯಾಪರ್ಸ್ ಕಂಪನಿಗಳ ಪಾಲಿಗೆ ಬಂತು. ಶೆಕೆಯ ನಾಡುಗಳಿಂದ, ಬತ್ತದ ಬಯಲುಗಳಿಂದ ಬಂದ ದಕ್ಷಿಣದ ಹುಡುಗರು ಅವರು. ಚಳಿ ಕಲ್ಲನ್ನೇ ಕಚ್ಚುವಂಥದು, ಗಾಳಿ ತೆಳು, ಬೆಟ್ಟದ ಮೇಲಿನಿಂದ ಶತ್ರುವಿನ ಗುಂಡು. ಬಂಡೆಗೆ ತೂತು ಕೊರೆದು, ಸಿಡಿಮದ್ದು ತುಂಬಿ, ಸಿಡಿದ ಕಲ್ಲನ್ನು ಕೈಯಿಂದ ಕಮರಿಗೆ ನೂಕುತ್ತ, ಅಕ್ಟೋಬರಿನಲ್ಲಿ ಅವರು ದಾರಿಯನ್ನು ಮುಗಿಸಿದರು.

ಅತ್ತ 7ನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನಿಂದ ಗುಟ್ಟಾಗಿ ಹೊರಟವು. ದಾರಿಯ ಸೇತುವೆಗಳು ಅವುಗಳ ಭಾರ ತಾಳಲಾರವೆಂದು ಫಿರಂಗಿಯ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಆ ದಳದ ನಾಯಕ ಲೆಫ್ಟಿನೆಂಟ್ ಕರ್ನಲ್ ರಾಜೀಂದರ್ ಸಿಂಗರಿಗೆ 'ಸ್ಪ್ಯಾರೋ', ಅಂದರೆ ಗುಬ್ಬಿ, ಎಂದು ಅಡ್ಡಹೆಸರು. ಗುಬ್ಬಿಯೊಂದು ಉಕ್ಕಿನ ಆನೆಗಳನ್ನು ಬೆಟ್ಟ ಹತ್ತಿಸಿದ ಪ್ರಸಂಗವಿದು. ಇದೇ ಅಧಿಕಾರಿ 1965ರ ಯುದ್ಧದಲ್ಲಿ ಸಿಯಾಲ್‌ಕೋಟ್ ರಂಗದಲ್ಲಿ ಕವಚದಳದ ಡಿವಿಜನ್ ಒಂದನ್ನೇ ನಡೆಸಿದರು.

ಹವೆ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕಡೆಗೆ ನವೆಂಬರ್ 1ರಂದು, ಹಿಮ ಬಿದ್ದ ನೆಲದ ಮೇಲೆ, ಟ್ಯಾಂಕುಗಳು ಘಾಟಿಯನ್ನು ಏರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೂ ಇದ್ದರು. ಒಬ್ಬ ಡಿವಿಜನ್ ಸೇನಾಪತಿ ಅಲ್ಲಿರುವುದು ಯುದ್ಧಶಾಸ್ತ್ರದ ಪ್ರಕಾರ ತಪ್ಪು, ಆದರೆ ಆ ದಾರಿಯ ಮೇಲೆ ಇತರರನ್ನು ಕಳುಹಿಸಿ ತಾನು ಕೆಳಗೆ ನಿಲ್ಲಲು ಅವರ ಮನಸ್ಸು ಒಪ್ಪಿರಲಾರದು. ಗವಿಗಳ ಬಾಯಿಗೇ ಗುರಿಯಿಟ್ಟು ಟ್ಯಾಂಕುಗಳು ಗುಂಡು ಹಾರಿಸಿದವು. ಆ ಎತ್ತರದಲ್ಲಿ ಟ್ಯಾಂಕನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹಿಂದೆ ವಾರಗಟ್ಟಲೆ ಆಗದಿದ್ದುದು ಒಂದು ಅಪರಾಹ್ನದಲ್ಲಿ ಆಯಿತು. ನವೆಂಬರ್ ನಡುವಿನಲ್ಲಿ ದ್ರಾಸ್, ತಿಂಗಳು ಮುಗಿಯುವ ಮೊದಲು ಕಾರ್ಗಿಲ್ ಮತ್ತೆ ನಮ್ಮದಾದವು. ಲೇಹ್‌ನಿಂದ ಹೊರಟ ಸೈನಿಕರು ಇವರನ್ನು ಬಂದು ಕೂಡಿದರು.

ಅದಾಗಿ ಒಂದು ತಿಂಗಳಿಗೆ, 1949ರ ಜನವರಿ 1ರಂದು, ಕದನವಿರಾಮ ಜಾರಿಗೆ ಬಂತು. ಸೇನೆಗಳು ನಿಂತ ಸ್ಥಳಗಳಲ್ಲೇ ಗೆರೆ ಬಿತ್ತು. ಬಂಡೆ ಒಡೆದು ಮಾಡಿದ ದಾರಿ ಮುಂದೆ ಅಗಲವಾಯಿತು. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಮತ್ತೆ ಯುದ್ಧವಾದಾಗ ಫಿರಂಗಿಗಳು ಅದರ ಮೇಲೆಯೇ ಹೋದವು. 2020ರಲ್ಲಿ ಅದರ ಕೆಳಗೆ ಸುರಂಗ ಕೊರೆಯುವ ಕೆಲಸ ಮೊದಲಾಯಿತು. ಬಸ್ಸು ಕಾರ್ಗಿಲ್ ತಲಪಿದ ಸಂಜೆ, ಚಹದಂಗಡಿಯ ಮುದುಕರೊಬ್ಬರನ್ನು ಸ್ಕರ್ದು ಯಾವ ದಿಕ್ಕಿಗೆಂದು ಕೇಳಿದೆ. ಹೊಳೆ ಹರಿದುಹೋಗುವ ಕಡೆಗೆ ಕೈ ತೋರಿಸಿದರು. ಹೊಳೆಯ ನೀರು ಅತ್ತ ಹೋಗುತ್ತದೆ. ಕಾರ್ಗಿಲ್‌ನಿಂದ ಸ್ಕರ್ದುವಿಗೆ ಹೋಗುತ್ತಿದ್ದ ಹಳೆಯ ದಾರಿ 1948ರಲ್ಲಿ ಮುಚ್ಚಿದ್ದು, ಮತ್ತೆ ತೆರೆದಿಲ್ಲ.